ನರಗುಂದ ಸಾಹೇಬರ ಮೂರು ತಾಸು

ಓಡುತ್ತಿರುವ ಯಂತ್ರ ಕಂಡರೆ ನರಗುಂದ ಸಾಹೇಬರಿಗೆ ಅದನ್ನು ಮುಟ್ಟದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಬೆರಳುಗಳನ್ನು ಸ್ವಲ್ಪ ಮಡಚಿ, ಗೆಣ್ಣುಗಳನ್ನು ಮೋಟಾರಿನ ಮೈಗೆ ತಾಗಿಸಿ, ಕಣ್ಣು ಬೇರೆಲ್ಲೋ ನೆಟ್ಟು ಮೂರ್ನಾಲ್ಕು ಕ್ಷಣ ನಿಲ್ಲುತ್ತಿದ್ದರು. "ಅಂಗೈ ಹಚ್ಚಿದಾಗ ಶಾಕ್ ಹೊಡದ್ರ ಬೆರಳು ಮುಚ್ಕೊಂಡು ಅದನ್ನ ಹಿಡಕೊಂಡ ಬಿಡ್ತಾವ. ಹಿಂಗ ಹಚ್ಚಿದ್ರ ಕೈ ಹೊರಗ ಹಾರ್ತೈತಿ," ಎಂದು ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಸಿದರು. ಸ್ಟಾಕ್ ರಿಜಿಸ್ಟರ್ ಬರೆಯುವವಳಿಗೆ ಇದು ಯಾಕೆ ಬೇಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಇನ್ನರ್ಧ ತಾಸು ಹೇಳುತ್ತಿದ್ದರು.

ನಾವಿದ್ದದ್ದು ತುರ್ಭೆಯ ಒಂದು ಹಳೆಯ ಕೋಲ್ಡ್ ಸ್ಟೋರೇಜಿನಲ್ಲಿ. ನಾಲ್ಕು ದೊಡ್ಡ ಕೋಣೆಗಳು. ಮೊದಲ ಮೂರರಲ್ಲಿ ಹಣ್ಣು, ತರಕಾರಿ, ಹುಣಸೆ, ಒಣಮೆಣಸಿನಕಾಯಿ. ನಾಲ್ಕನೆಯದರಲ್ಲಿ ಹೆಪ್ಪುಗಟ್ಟಿಸಿದ ಬಟಾಣಿ, ಮೀನು. ಆ ನಾಲ್ಕನೆಯದು ಯಾವಾಗಲೂ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಈರಣ್ಣ ನರಗುಂದರು ಅಲ್ಲಿನ ಯಂತ್ರಗಳ ಉಸ್ತುವಾರಿ. ಮರಾಠಿ ಮಂದಿ ಅವರ ಹೆಸರಿಗೆ ತಮ್ಮದೊಂದು ಬಾಲ ಸೇರಿಸಿ ನರಗುಂದಕರ್ ಮಾಡಿದ್ದರು. "ನಾ ಕರ್ ಅಲ್ಲಪಾ, ಬರೇ ನರಗುಂದ," ಎಂದು ಇಪ್ಪತ್ತು ವರ್ಷ ತಿದ್ದಿ ತಿದ್ದಿ, ಕೊನೆಗೆ ಸುಮ್ಮನಾಗಿದ್ದರು. ಡೊಂಬಿವಲಿಯಿಂದ ಬೆಳಿಗ್ಗೆ ಹೊರಟು, ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಬರುತ್ತಿದ್ದರು. ಜನ ಇಳಿದು ಖಾಲಿಯಾದ ಡಬ್ಬಿಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅದನ್ನು ಆರಿಸಿಯೇ ಇಳಿಯುತ್ತಿದ್ದರು. ಒಮ್ಮೆ ಹಾಗೆ ಆರಿಸಲು ಹೋಗಿ, ತುರ್ಭೆ ದಾಟಿ ಸಾನ್‌ಪಾಡಾದಲ್ಲಿ ಇಳಿದಿದ್ದರಂತೆ.

ನನ್ನ ಅಪ್ಪ ಕೋಪರಖೈರಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಒಂದು ಭಾನುವಾರ ನರಗುಂದರು ಹೆಂಡತಿಯ ಜೊತೆ ಅಲ್ಲಿಗೆ ಚಹಾಕ್ಕೆ ಬಂದವರು, ಅರ್ಧ ಕಪ್ಪು ಬಿಟ್ಟು ಎದ್ದು, ಮೂಲೆಯಲ್ಲಿದ್ದ ಫ್ರಿಜ್ಜಿನ ಬಳಿ ಹೋಗಿ ನಿಂತರು.

"ಶೆಟ್ಟರ, ಇದು ಉಸರ ಕಟ್ಟಿ ಸಾಯಾಕತ್ತೈತಿ. ಗ್ವಾಡಿಗೆ ಹಿಂಗ ಒತ್ತಿ ಇಟ್ರ ಬಿಸಿ ಎಲ್ಲಿಗೆ ಹೋಗಬೇಕು?"

"ಅದು ಹನ್ನೆರಡು ವರ್ಷದಿಂದ ಅಲ್ಲೇ ಉಂಟು ಮಾರಾಯ್ರೇ. ಎಂತ ಸಹ ಆಗ್ಲಿಲ್ಲ," ಎಂದರು ಅಪ್ಪ.

"ಹನ್ನೆರಡ ವರ್ಷದಿಂದ ನೀವು ಬಿಲ್ ತುಂಬಾಕತ್ತೀರಲ್ಲ, ಅದ ಆಗೈತಿ."

ಇಬ್ಬರು ವೇಟರುಗಳನ್ನು ಕರೆದು ಫ್ರಿಜ್ಜನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಸಿ, ಹಿಂಬದಿಯ ಜಾಲರಿಗೆ ಹತ್ತಿದ್ದ ಜಿಡ್ಡನ್ನು ಬಟ್ಟೆಯಿಂದ ತಾವೇ ಒರೆಸಿದರು. ಅವರ ಹೆಂಡತಿ ಕಮಲಾಬಾಯಿ ಚಹಾ ಮುಗಿಸಿ, ಇದೆಲ್ಲ ತನಗೆ ಸಂಬಂಧವೇ ಇಲ್ಲವೆಂಬಂತೆ ಬೀದಿ ನೋಡುತ್ತ ಕುಳಿತಿದ್ದರು. ಮುಂದಿನ ತಿಂಗಳ ಬಿಲ್ಲು ಬಂದಾಗ ಅಪ್ಪ ನನಗೆ ಹೇಳಿದ್ದು ಇಷ್ಟೇ: "ನಿಮ್ಮ ಸಾಹೇಬರಿಗೆ ಹೇಳು, ಅವರಿಗೆ ಇಲ್ಲಿ ಚಹಾದ ದುಡ್ಡಿಲ್ಲ."

ಇದು ಅವರ ನಗೆಯ ಮುಖ. ಇನ್ನೊಂದು ಮುಖವನ್ನು ನಾನು ಕಂಡದ್ದು ನಮ್ಮ ಸ್ಟೋರೇಜು ಮುಚ್ಚುವ ಮಾತು ಬಂದಾಗ.

ಪನವೇಲ್ ಕಡೆ ಹೊಸ ಹೊಸ ಕೋಲ್ಡ್ ಸ್ಟೋರೇಜುಗಳು ಎದ್ದಿದ್ದವು. ನಮ್ಮದು ಹಳೆಯ ಗೋಡೆ, ಹಳೆಯ ಯಂತ್ರ. ಗಳಿಸಿದ್ದರಲ್ಲಿ ದೊಡ್ಡ ಪಾಲು ಕರೆಂಟಿಗೇ ಹೋಗುತ್ತಿತ್ತು. ಉಲ್ಹಾಸನಗರದಲ್ಲಿದ್ದ ಮಾಲೀಕ ಸೇಠರು ಒಂದು ದಿನ ಬಂದು ಎಲ್ಲರನ್ನೂ ಆಫೀಸಿನಲ್ಲಿ ಕೂರಿಸಿ, ದೀಪಾವಳಿಯವರೆಗೆ ನೋಡುತ್ತೇನೆ, ಆಮೇಲೆ ಜಾಗ ಮಾರುತ್ತೇನೆ ಎಂದರು. ಹಮಾಲರು, ಡ್ರೈವರುಗಳು, ಮಂಜು ಕೆರೆಯುವ ಹೆಂಗಸರು, ನಾನು, ಎಲ್ಲರೂ ಸೇರಿ ಅರವತ್ತು ಮಂದಿ. ಹಿಂದಿನ ಸಾಲಿನಿಂದ ನರಗುಂದರು ಎದ್ದು ತಮ್ಮ ಧಾರವಾಡದ ಹಿಂದಿಯಲ್ಲಿ, "ಸೇಠ್‌ಜೀ, ಏಕ್ ಸಾಲ್ ದೋ. ಬಿಲ್ ಮೈ ಉತಾರತಾ ಹೂಂ," ಎಂದರು. ಒಂದು ವರ್ಷ ಕೊಡಿ, ಬಿಲ್ಲನ್ನು ನಾನು ಇಳಿಸುತ್ತೇನೆ.

ಸೇಠರು ಅವರನ್ನೇ ನೋಡಿದರು. "ಕೈಸೇ?"

ನರಗುಂದರ ಜೇಬಿನಲ್ಲಿ ವಿದ್ಯುತ್ ಕಂಪನಿಯ ಸುತ್ತೋಲೆಯಿತ್ತು. ಮಡಿಕೆ ಬಿಚ್ಚಿ ಬಿಚ್ಚಿ ಅದರ ಅಂಚು ಹರಿದಿತ್ತು. ದೊಡ್ಡ ಗ್ರಾಹಕರಿಗೆ ಕಂಪನಿ ಎರಡು ಬಗೆಯ ರಿಯಾಯಿತಿ ಕೊಡುತ್ತಿತ್ತು. ಬಿಸಿಲಿನ ಹೊತ್ತಿನಲ್ಲಿ ಬಳಸುವ ಕರೆಂಟಿಗೆ ದರ ಕಡಿಮೆ. ಇನ್ನೊಂದು, ಬೇಸಿಗೆಯಲ್ಲಿ ಊರೆಲ್ಲ ಏಸಿ ಹಾಕಿಕೊಂಡು ತಂತಿಗಳ ಮೇಲೆ ಹೊರೆ ಬೀಳುವ ಸಂಜೆಗಳದು. ಅಂಥ ದಿನ ಕಂಪನಿ ಮಧ್ಯಾಹ್ನವೇ ಮೆಸೇಜು ಕಳಿಸುತ್ತದೆ. ಸಂಜೆ ಆರರಿಂದ ಒಂಬತ್ತರವರೆಗೆ ನಿಮ್ಮ ಬಳಕೆ ಗೊತ್ತುಮಾಡಿದ ಮಿತಿಯೊಳಗಿದ್ದರೆ ಬಿಲ್ಲಿನಲ್ಲಿ ಒಳ್ಳೆಯ ಸೋಡಿ. ಆದರೆ ಇಡೀ ಬೇಸಿಗೆಯಲ್ಲಿ ಒಂದೇ ಒಂದು ಸಂಜೆ ಮಿತಿ ದಾಟಿದರೂ ಆ ಬೇಸಿಗೆಯ ಸೋಡಿಯೆಲ್ಲ ಹೋಯಿತು.

"ಮಂದಿ ಬಟಾಣಿ ಸ್ಟಾಕ್ ಮಾಡ್ತಾರ, ನಾವು ಥಂಡಿ ಸ್ಟಾಕ್ ಮಾಡೂಣು," ಎಂದು ಆಮೇಲೆ ನನಗೆ ಬಿಡಿಸಿ ಹೇಳಿದರು. "ಮಧ್ಯಾಹ್ನ ಅಗ್ಗದ ಕರೆಂಟಿನ್ಯಾಗ ಕೋಣೆಗೋಳನ್ನ ಜಾಸ್ತಿ ತಣ್ಣಗ ಮಾಡಿಡೋದು. ಸಂಜಿ ಮೂರ ತಾಸು ಎಲ್ಲಾ ಬಂದ್. ಬಾಗಲಾ ಒಂದ ಹಾಕಿಟ್ರ ಆತು, ಥಂಡಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಮೊದಲ ಸಂಜೆಯ ಮೂರು ತಾಸು ನನಗೆ ಈಗಲೂ ನೆನಪಿದೆ. ಆರಕ್ಕೆ ಅವರು ಕಂಪ್ರೆಸರುಗಳನ್ನು ಒಂದೊಂದಾಗಿ ನಿಲ್ಲಿಸಿದರು. ಹಗಲೂ ರಾತ್ರಿ ಗುಡುಗುವ ಆ ಕಟ್ಟಡ ಇದ್ದಕ್ಕಿದ್ದಂತೆ ಸುಮ್ಮನಾದಾಗ ಹಮಾಲರು ಬೀಡಿ ಕೈಯಲ್ಲೇ ಹಿಡಿದು ತಲೆಯೆತ್ತಿದರು. ಆಮೇಲೆ ಕೋಣೆಗಳ ದೊಡ್ಡ ಸ್ವಿಚ್ಚನ್ನೂ ಇಳಿಸಿದರು: ಒಳಗಿನ ದೀಪ, ಫ್ಯಾನು, ಬಾಗಿಲ ಚೌಕಟ್ಟಿನ ಹೀಟರು ಎಲ್ಲ ಆ ಒಂದು ಸ್ವಿಚ್ಚಿನಲ್ಲಿದ್ದವು. "ದೀಪ ಅಂದ್ರೂ ಬಿಸೀನ, ಫ್ಯಾನ್ ಅಂದ್ರೂ ಬಿಸೀನ," ಎಂದರು. ನಾವು ಗೋಡೆಯ ಮೇಲಿನ ತಾಪಮಾಪಕಗಳ ಎದುರು ಕುರ್ಚಿ ಹಾಕಿಕೊಂಡು ಕುಳಿತೆವು. ಏಳಕ್ಕೆ ಮುಳ್ಳು ಅರ್ಧ ಡಿಗ್ರಿ ಏರಿತು. ಎಂಟಕ್ಕೆ ಒಂದೂವರೆ. ಮ್ಯಾನೇಜರ್ ದೇಶಮುಖರು ಮೂರು ಸಲ ಬಂದು, ಮೀನು ಕೆಟ್ಟರೆ ಯಾರು ಹೊಣೆ, ಒಂದಾದರೂ ಕಂಪ್ರೆಸರ್ ಚಾಲು ಮಾಡು ಎಂದು ಕೂಗಾಡಿದರು. ನರಗುಂದರು ಕುರ್ಚಿಯಿಂದ ಏಳಲಿಲ್ಲ. ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಒಂಬತ್ತಕ್ಕೆ ಮುಳ್ಳು ಎರಡು ಡಿಗ್ರಿ ದಾಟಿರಲಿಲ್ಲ. ಎದ್ದು, ಕಂಪ್ರೆಸರ್ ಚಾಲು ಮಾಡಿ, ನಳದ ಕೆಳಗೆ ತಲೆಯೊಡ್ಡಿ ನೀರು ಬಿಟ್ಟುಕೊಂಡರು.

ಆ ಬೇಸಿಗೆ ದಾಟಿತು. ಬಿಲ್ಲು ಇಳಿಯಿತು. ದೀಪಾವಳಿಗೆ ಸೇಠರು ಜಾಗ ಮಾರಲಿಲ್ಲ. ಹಮಾಲರು ನರಗುಂದರನ್ನು ಕಂಡರೆ ಎದ್ದು ನಿಲ್ಲತೊಡಗಿದರು.

ಮರುವರ್ಷ ಅವರು ಇನ್ನೂ ಬಿಗಿಯಾದರು. ಹಿಂದಿನ ಬೇಸಿಗೆಯಲ್ಲಿ, ತಡವಾಗಿ ಬಂದ ಲಾರಿಯವರು ಹಮಾಲರ ಕೈಬಿಸಿ ಮಾಡಿ, ಬಂದ್ ಹೊತ್ತಿನಲ್ಲೂ ಬಾಗಿಲು ತೆಗೆಸುತ್ತಿದ್ದರು. ಒಂದು ಸಲ ತೆಗೆದರೆ ಹೊರಗಿನ ಸೆಕೆಯೆಲ್ಲ ಒಳಗೆ. ಅದಕ್ಕೆ ನರಗುಂದರು ನಾಲ್ಕು ಬಾಗಿಲುಗಳ ಹೊರಚಿಲಕಕ್ಕೆ ನಾಲ್ಕು ಬೀಗ ತಂದರು. ಮೆಸೇಜು ಬಂದ ದಿನ ಐದೂಮುಕ್ಕಾಲಿಗೆ ಎಲ್ಲರೂ ಹೊರಬರಬೇಕು. ಒಳಹೋದವರ ಪಟ್ಟಿ ನನ್ನ ಬಳಿ. ನಾನು ಗುರುತು ಹಾಕಿ ಸಹಿ ಮಾಡಿದ ಮೇಲೆ ಅವರು ಬೀಗ ಹಾಕಿ ಕೀಲಿಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸುತ್ತಿದ್ದರು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಹಿಡಿಕೆ ಎಲ್ಲ ಬಾಗಿಲಿಗೂ ಇತ್ತು. ಹೊರಗೆ ಬೀಗ ಬಿದ್ದರೆ ಅದು ಕೆಲಸ ಮಾಡುವುದಿಲ್ಲ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಹೊರಗಿರುವಾಗ ಒಳಗಿನ ಹಿಡಿಕೆಯ ಯೋಚನೆ ಯಾರಿಗೆ ಬಂದೀತು?

ಮಹಾದೇವಿ ಇಂಡಿ ಕಡೆಯವಳು. ನಾಲ್ಕನೇ ಕೋಣೆಯ ನೆಲದಲ್ಲೂ ಕೊಳವೆಗಳ ಕೆಳಗೂ ಕಟ್ಟುವ ಮಂಜನ್ನು ಕಬ್ಬಿಣದ ಸಲಾಕೆಯಿಂದ ಕೆರೆಯುವುದು ಅವಳ ಕೆಲಸ. ನಲವತ್ತರ ಆಸುಪಾಸು, ಗಂಡ ಇಲ್ಲ, ಹತ್ತನೆಯಲ್ಲಿ ಓದುವ ಮಗಳು. ಮಾತು ಕಡಿಮೆ. ಕೆಲಸ ಅರ್ಧಕ್ಕೆ ಬಿಟ್ಟು ಬರುವುದು ಅವಳಿಗೆ ಆಗುತ್ತಿರಲಿಲ್ಲ.

ಆ ಮೇ ತಿಂಗಳ ದಿನ ಮಧ್ಯಾಹ್ನವೇ ಮೆಸೇಜು ಬಂದಿತ್ತು. ನರಗುಂದರು ನಾಲ್ಕನೇ ಕೋಣೆಯನ್ನು ಇಪ್ಪತ್ನಾಲ್ಕು ಡಿಗ್ರಿ ಕೆಳಗೆ ಇಳಿಸಿಟ್ಟಿದ್ದರು. ಐದೂವರೆಗೆ ಮಹಾದೇವಿ ಹೊರಬಂದಳು. ನಾನು ಗುರುತು ಹಾಕಿದೆ. ಆಮೇಲೆ ಕಲ್ಯಾಣದ ವ್ಯಾಪಾರಿಯೊಬ್ಬರ ಫೋನು ಬಂತು. ಅವರ ಲಾರಿ ದಾರಿಯಲ್ಲಿ ಸಿಕ್ಕಿಬಿದ್ದಿತ್ತು, ಅವರು ನನ್ನ ಮೇಲೆ ರೇಗುತ್ತಿದ್ದರು. ಮಹಾದೇವಿ ಗಾಜಿನಾಚೆ ನಿಂತು, ಸಲಾಕೆ ತೋರಿಸಿ ಏನೋ ಸನ್ನೆ ಮಾಡಿದಳು. ಮನೆಗೆ ಹೊರಟಿದ್ದಾಳೆ ಅಂದುಕೊಂಡು ಫೋನು ಹಿಡಿದೇ ತಲೆಯಾಡಿಸಿದೆ. ಕೊಳವೆಯ ಕೆಳಗೆ ಒಂದಿಷ್ಟು ಉಳಿದಿದೆ, ಒಳಗೆ ಹೋಗಿ ಮುಗಿಸಿ ಬರುತ್ತೇನೆ ಎಂದು ಅವಳು ಕೇಳಿದ್ದಳೆಂದು ಆಮೇಲೆ ತಿಳಿಯಿತು. ನಾನು ಹೂಂ ಅಂದಿದ್ದೆ.

ಆರಕ್ಕೆ ನರಗುಂದರು ಬಂದು ಪಟ್ಟಿ ನೋಡಿದರು. "ಎಲ್ಲಾರೂ ಹೊರಗ?"

"ಎಲ್ಲರೂ ಹೊರಗೆ ಸರ್."

ಬೀಗ ಬಿತ್ತು. ಸ್ವಿಚ್ಚು ಇಳಿಯಿತು.

ಏಳಕ್ಕೆ ಹತ್ತು ನಿಮಿಷವಿದ್ದಾಗ ನಾನು ಮನೆಗೆ ಹೊರಟೆ. ಕೋಣೆಗಳ ಮುಂದಿನ ಓಣಿಯಲ್ಲಿ ಚಪ್ಪಲಿ ಇಡುವ ಹಲಗೆ ಇದೆ. ಒಳಹೋಗುವವರು ಅಲ್ಲಿ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತಾರೆ. ಹಲಗೆಯ ಮೇಲೆ ಒಂದು ಜೊತೆ ಉಳಿದಿತ್ತು. ಹಸಿರು ಪಟ್ಟಿ, ಎಡಗಾಲಿನದಕ್ಕೆ ಸೇಫ್ಟಿ ಪಿನ್ನು. ಮಹಾದೇವಿ ಬೂಟಿನಲ್ಲೇ ಮನೆಗೆ ಹೋದಳೇ ಎಂದುಕೊಂಡೆ. ಎರಡು ಹೆಜ್ಜೆ ಮುಂದಿಟ್ಟೆ. ಆಗ ಟಕ್ ಎಂಬ ಸದ್ದು, ಬಹಳ ದೂರದಿಂದ ಬಂದಂತೆ. ಮಂಜು ಬೀಳುವಾಗ ಹಾಗೆ ಕೇಳಿಸುವುದುಂಟು. ಇನ್ನೊಂದು ಸಲ ಕೇಳಿಸಿತು. ಗೋಡೆಗೆ ಕಿವಿ ಒತ್ತಿದೆ. ಸದ್ದಿನ ನಡುವೆ ಒಂದೇ ಸಮನಾದ ಅಂತರವಿತ್ತು.

ಯಂತ್ರದ ಕೋಣೆಯವರೆಗೆ ನಾನು ಹೇಗೆ ಓಡಿದೆನೋ ತಿಳಿಯದು. "ಸರ್, ಮಹಾದೇವಿ… ನಾಲ್ಕರಲ್ಲಿ…" ಎಂದಷ್ಟೇ ಅಂದೆ. ನರಗುಂದರು ಕೀಲಿಕೈ ತೆಗೆಯುತ್ತಲೇ ಓಡಿದರು. ಬೀಗ ತೆಗೆದು ಚಿಲಕ ಎಳೆದರೆ ಬಾಗಿಲು ಅಲುಗಲಿಲ್ಲ. ಬಾಗಿಲಿಗೆ ಮಂಜು ಹತ್ತದಂತೆ ಕಾಯುವ ಚೌಕಟ್ಟಿನ ಹೀಟರು ಒಂದು ತಾಸಿನಿಂದ ಆರಿತ್ತು. ಮೇ ತಿಂಗಳ ಹಸಿಗಾಳಿ ಬಾಗಿಲಿನ ರಬ್ಬರಿನ ಸುತ್ತ ಹೆಪ್ಪುಗಟ್ಟಿ ಅದನ್ನು ಚೌಕಟ್ಟಿಗೆ ಬೆಸೆದುಬಿಟ್ಟಿತ್ತು. ಇಬ್ಬರು ಹಮಾಲರು ಬಂದು ಎಳೆದರು. ಹಿಡಿಕೆ ಕೈಗೆ ಬರುವಂತಾಯಿತೇ ಹೊರತು ಬಾಗಿಲು ಬರಲಿಲ್ಲ. ಒಳಗಿನ ಟಕ್ ಸದ್ದು ನಿಂತಿತ್ತು.

"ಗಂಟಿ ಯಾಕ ಬಾರಿಸಲಿಲ್ಲ ಆಕಿ? ಒಳಗ ಗಂಟಿ ಐತೆಲ್ಲ!" ಎಂದರು ನರಗುಂದರು. ಅನ್ನುತ್ತಲೇ ಅವರ ಮುಖ ಬದಲಾಯಿತು. ಆಪತ್ತಿನ ಗಂಟೆಯ ತಂತಿಯೂ ಅದೇ ದೊಡ್ಡ ಸ್ವಿಚ್ಚಿನಿಂದಲೇ ಹೋಗಿತ್ತು. ಯಾವ ಕಾಲದಲ್ಲೋ ಯಾರೋ ಹಾಗೆ ಎಳೆದಿದ್ದರು. ಆ ಸ್ವಿಚ್ಚನ್ನು ಇಳಿಸಿದವರು ಇವರು.

ಹೀಟರು ಹತ್ತಲೆಂದು ಅವರು ಸ್ವಿಚ್ಚಿನ ಫಲಕದತ್ತ ಓಡಿದರು. ಅಷ್ಟರಲ್ಲಿ ದೇಶಮುಖರು ಬಂದು ಅಡ್ಡ ನಿಂತರು. ಆ ಸ್ವಿಚ್ಚು ಏರಿಸಿದರೆ ನಾಲ್ಕೂ ಕೋಣೆಗಳ ಫ್ಯಾನುಗಳು ಒಟ್ಟಿಗೆ ಎದ್ದು ಮಿತಿ ದಾಟುತ್ತದೆ ಎಂದು ಅವರಿಗೂ ಗೊತ್ತಿತ್ತು.

"ನರಗುಂದಕರ್, ಪೂರಾ ಸೀಸನ್ ಜಾಯೇಗಾ! ಬಾಗಿಲು ಒಡೆಸೋಣ, ದೋ ಮಿನಿಟ್ ರುಕ್!"

ನರಗುಂದರು ಅವರನ್ನು ಎರಡೂ ಕೈಯಿಂದ ಪಕ್ಕಕ್ಕೆ ತಳ್ಳಿ ಸ್ವಿಚ್ಚು ಏರಿಸಿದರು. ಫ್ಯಾನುಗಳು ಗುಡುಗಿದವು. ಓಣಿಗೆ ಓಡಿಬಂದು, ಕ್ಯಾಂಟೀನಿನಿಂದ ಚಹಾದ ನೀರನ್ನೆಲ್ಲ ತರಿಸಿ ಬಾಗಿಲಿನ ಅಂಚಿಗೆ ಸುರಿಸಿದರು. ತಾವು ಹಾರೆ ತೂರಿಸಿ ಮೀಟುತ್ತ, ಬಾಗಿಲಿಗೆ ಬಾಯಿ ಹಚ್ಚಿ ಕೂಗುತ್ತಿದ್ದರು: "ಮಹಾದೇವೀ, ಕುಂದ್ರಬ್ಯಾಡವಾ! ನಿಂದ್ರು! ಬಂದ್ವಿ ನಾವು, ನಿಂದ್ರು!" ಬಿಸಿನೀರು ಅವರ ಮಣಿಕಟ್ಟಿನ ಮೇಲೆ ಬಿತ್ತು, ಅವರಿಗೆ ಅರಿವಾಗಲಿಲ್ಲ.

ಕೊನೆಗೆ ಬಾಗಿಲು ಹಲಗೆ ಸೀಳಿದಂಥ ಸದ್ದು ಮಾಡಿ ಬಿಟ್ಟುಕೊಂಡಿತು. ಮಹಾದೇವಿ ಬಾಗಿಲ ಬುಡದಲ್ಲೇ ಇದ್ದಳು. ಬಟಾಣಿಯ ರಟ್ಟಿನ ಪೆಟ್ಟಿಗೆಗಳನ್ನು ಹರಿದು ಮೈಸುತ್ತ ಇಟ್ಟುಕೊಂಡು, ಮೊಣಕಾಲಿಗೆ ಗದ್ದ ಹಚ್ಚಿ ಕುಳಿತಿದ್ದಳು. ಹುಬ್ಬು ಬಿಳಿಯಾಗಿತ್ತು. ಸಲಾಕೆಯನ್ನು ಹಿಡಿದ ಬೆರಳುಗಳನ್ನು ನಮ್ಮಿಂದ ಬಿಡಿಸಲಾಗಲಿಲ್ಲ. ಸಲಾಕೆಯ ಸಮೇತ ಆಕೆಯನ್ನು ರಿಕ್ಷಾಕ್ಕೆ ಎತ್ತಿದೆವು.

ವಾಶಿಯ ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಅಪಾಯವಿಲ್ಲ ಎಂದು ಹೇಳುವವರೆಗೆ ನರಗುಂದರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಮರುದಿನ ಮಧ್ಯಾಹ್ನ ನಮ್ಮನ್ನು ಒಳಗೆ ಬಿಟ್ಟರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಮಹಾದೇವಿ ಅವರನ್ನು ಬಹಳ ಹೊತ್ತು ನೋಡಿದಳು.

"ಕರೆಂಟ್ ಉಳೀತೇನ್ರಿ, ಸಾಹೇಬ್ರ?"

"ಆಯೀ, ಬೋಲೂ ನಕೋ," ಮಾತಾಡಬೇಡ ಎಂದು ಮಗಳು ಅವಳ ತೋಳು ಮುಟ್ಟಿದಳು.

ನರಗುಂದರು ಅವಳ ಬ್ಯಾಂಡೇಜಿನ ಕೈ ನೋಡಿದರು. "ಇಲ್ಲವಾ. ನಿನ್ನಿ ಉಳೀಲಿಲ್ಲ."

"ಛಲೋ ಆತು," ಎಂದು ಅವಳು ಆಚೆ ಹೊರಳಿದಳು.

ಸುತ್ತೋಲೆಯ ಹಿಂಬದಿಯಲ್ಲಿ ಒಂದು ಷರತ್ತಿತ್ತು. ಜೀವಕ್ಕೆ ಅಪಾಯವಾಗುವ ತುರ್ತಿನಿಂದ ಮಿತಿ ದಾಟಿದ್ದರೆ, ನಡೆದದ್ದನ್ನು ಮೂರು ದಿನದೊಳಗೆ ಬರೆದು ಕೊಟ್ಟರೆ ಆ ಸಂಜೆಯನ್ನು ಕಂಪನಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಹುಡುಕಿ ತಂದವರು ದೇಶಮುಖರೇ. ತಣ್ಣಗಿಡುವ ಕೊಳವೆಗಳಿಂದ ಅಮೋನಿಯಾ ಅನಿಲ ಸೋರಿತು ಎಂದು ಬರೆ, ಸೋಡಿಯೂ ಉಳಿಯುತ್ತದೆ, ಯಾರ ಮೇಲೂ ಬರುವುದಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಅರವತ್ತು ಮನೆಗಳ ಹೆಸರು ಹೇಳಿ, ಕೈಮುಗಿದು ಕೇಳಿದರು.

ನರಗುಂದರು ನನ್ನ ಟೈಪಿಂಗ್ ಮೇಜಿನ ಪಕ್ಕ ಬಂದು ಕುಳಿತರು. "ಅಮೋನಿಯಾ ಅಂತ ಬರದ್ರ ಎಲ್ಲಾರೂ ಬಂದು ಪೈಪ್ ನೋಡ್ತಾರ. ಬೀಗ ಯಾರೂ ನೋಡಂಗಿಲ್ಲ. ಮುಂದಿನ ಬ್ಯಾಸಿಗಿಗೂ ಬೀಗ ಅಲ್ಲೇ ಇರ್ತೈತಿ," ಎಂದರು. ಆಮೇಲೆ ಒಂದೊಂದೇ ವಾಕ್ಯ ಹೇಳಿಸಿ ಬರೆಸಿದರು. ಬೀಗ ತಂದವನು ನಾನು. ಹಾಕಿದವನು ನಾನು. ಗಂಟೆಯ ತಂತಿ ಎಲ್ಲಿಂದ ಬರುತ್ತದೆ ಎಂದು ನೋಡದೆ ಸ್ವಿಚ್ಚು ಆರಿಸಿದವನು ನಾನು.

ನನ್ನ ಬೆರಳು ನಿಂತವು. "ಸರ್, ಪಟ್ಟಿಗೆ ಸಹಿ ಮಾಡಿದ್ದು ನಾನು. ಅವಳು ನನ್ನನ್ನು ಕೇಳಿಯೇ ಒಳಗೆ ಹೋದಳು."

"ಅದನ್ನ ನೀ ಆಕಿಗೆ ಹೇಳು. ಈ ಕಾಗದದಾಗ ಬ್ಯಾಡ."

"ಯಾಕೆ?"

"ನಿನ್ನ ಹೆಸರು ಬಂದ್ರ ಮಂದಿ ಅಂತಾರ, ಹುಡುಗಿ ಎಣಿಸೋದು ತಪ್ಪಿದಳು, ಇನ್ನೊಬ್ಬಾಕೀನ್ನ ಕುಂದರಸೂಣು ಅಂತ. ಬೀಗ ಮತ್ತ ಅಲ್ಲೇ ಉಳೀತೈತಿ. ಎಣಿಸೋರು ಇವತ್ತಲ್ಲ ನಾಳೆ ತಪ್ಪೋರ. ತಪ್ಪಿದ್ರೂ ಬಾಗಲಾ ತಗೀಬೇಕು. ಹಂಗ ಮಾಡಿಡೋದು ನನ್ನ ಕೆಲಸ ಇತ್ತು."

ಆ ಪತ್ರದ ಒಂದು ಪ್ರತಿಯನ್ನು ಅವರೇ ಕಾರ್ಖಾನೆ ಇನ್ಸ್‌ಪೆಕ್ಟರರ ಕಚೇರಿಗೂ ಕೊಟ್ಟುಬಂದರು. ಅದೇ ಸಂಜೆ ನಾನು ಆಸ್ಪತ್ರೆಗೆ ಹೋಗಿ ಮಹಾದೇವಿಗೆ ನನ್ನ ತಪ್ಪು ಹೇಳಿದೆ. "ನನಗ ಗೊತ್ತೈತಿ. ನೀ ಫೋನ್‌ನ್ಯಾಗ ಇದ್ದಿ," ಎಂದಳು. ಇನ್ನೇನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಕಂಪನಿ ಆ ಸಂಜೆಯನ್ನು ಲೆಕ್ಕದಿಂದ ಬಿಟ್ಟಿತು. ಸೋಡಿ ಬಂತು, ಸ್ಟೋರೇಜು ಉಳಿಯಿತು. ಇನ್ಸ್‌ಪೆಕ್ಟರು ಬಂದು ಬೀಗಗಳನ್ನು ತೆಗೆಸಿದರು, ಸೇಠರಿಗೆ ನೋಟೀಸು ಕೊಟ್ಟರು. ಸೇಠರು ನರಗುಂದರನ್ನು ಕರೆದು ತಿಂಗಳ ಕೊನೆಗೆ ಬಿಟ್ಟುಹೋಗಲು ಹೇಳಿದರು. ಅವರು ವಾದಿಸಲಿಲ್ಲ. ಆ ತಿಂಗಳಿಡೀ ಏಣಿ ಹತ್ತಿ ಇಳಿದು, ನಾಲ್ಕೂ ಕೋಣೆಗಳ ಗಂಟೆಗೆ ಬ್ಯಾಟರಿಯಿಂದ ಬೇರೆಯೇ ತಂತಿ ಎಳೆದರು. ಬಾಗಿಲಿನ ಹೀಟರುಗಳನ್ನೂ ಪ್ರತ್ಯೇಕ ಮಾಡಿದರು. ಆರು ಗಂಟೆಯ ಬಂದ್ ಮುಂದುವರಿಯಿತು, ಬೀಗವಿಲ್ಲದೆ.

ಕೊನೆಯ ವಾರ ಮಹಾದೇವಿ ಕೆಲಸಕ್ಕೆ ಮರಳಿದಳು. ಬಲಗೈಯ ಎರಡು ಬೆರಳತುದಿಗಳಲ್ಲಿ ಸ್ಪರ್ಶ ಇರಲಿಲ್ಲ. ನಾಲ್ಕನೇ ಕೋಣೆಯ ಬಾಗಿಲವರೆಗೆ ಹೋಗಿ ನಿಂತಳು. ಒಳಗೆ ಕಾಲಿಡಲು ಆಗಲಿಲ್ಲ. ನರಗುಂದರು ಬಂದು ಅವಳಿಂದ ಎರಡು ಮಾರು ದೂರ ನಿಂತರು.

"ನಾ ಒಳಗ ಹೋಗ್ತೀನಿ. ನೀ ಬಾಗಲಾ ಹಾಕು. ದೀಪಾನೂ ಆರಸ್ತೇನಿ. ಗಂಟಿ ಬಾರಸ್ತೇನಿ. ಕೇಳಿಸಿದ್ರ ತಗಿ."

ಸ್ವೆಟರು ಕೂಡ ಹಾಕಿಕೊಳ್ಳದೆ ಒಳಹೋದರು. ಮಹಾದೇವಿ ಎಡಗೈಯಿಂದ ಬಾಗಿಲು ತಳ್ಳಿದಳು. ಅದು ಮುಚ್ಚಿಕೊಂಡಿತು. ನಾನು ಪಕ್ಕದಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಗಂಟೆ ಬಾರಿಸಿತು. ಎಷ್ಟು ಜೋರಾಗಿ ಅಂದರೆ ಅಂಗಳದಲ್ಲಿ ಲಾರಿ ತುಂಬುತ್ತಿದ್ದವರು ಮೂಟೆ ಇಳಿಸಿ ನೋಡಿದರು. ಮಹಾದೇವಿಯ ಕೈ ಹಿಡಿಕೆಯ ಮೇಲಿತ್ತು. ಅವಳು ಎಳೆಯಲಿಲ್ಲ. ಗಂಟೆ ನಿಂತಿತು. ಮತ್ತೆ ಬಾರಿಸಿತು. ಅವಳು ಬಾಗಿಲನ್ನೇ ನೋಡುತ್ತಿದ್ದಳು. ನಾನು ಅವಳ ಹೆಸರು ಕರೆಯಲು ಬಾಯಿ ತೆರೆದೆ, ಕರೆಯಲು ಧೈರ್ಯವಾಗಲಿಲ್ಲ. ಮೂರನೇ ಸಲ ಗಂಟೆ ಬಾರಿಸಿ ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ. ಎರಡು ನಿಮಿಷವೋ ಐದೋ ಹೇಳಲಾರೆ. ಈಗ ಹೊರಗೆ ಬೀಗವಿರಲಿಲ್ಲ. ಒಳಗಿನ ಹಿಡಿಕೆ ತಳ್ಳಿ ಅವರು ಯಾವ ಕ್ಷಣದಲ್ಲಾದರೂ ಹೊರಬರಬಹುದಿತ್ತು. ಮಹಾದೇವಿಗೂ ಅದು ಗೊತ್ತಿತ್ತು. ಅವರು ಬರಲಿಲ್ಲ.

ಅವಳು ಎಳೆದಳು. ನರಗುಂದರು ಕತ್ತಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು, ತುಟಿ ನಡುಗುತ್ತಿತ್ತು.

"ಕೇಳಿಸ್ತೇನವಾ?"

"ಕೇಳಿಸ್ತ್ರಿ."

"ಯಾವಾಗ?"

"ಮೊದಲನೇ ಸಲಾನ."

ಅವರು ತಲೆದೂಗಿದರು. ಅವಳು ಸಲಾಕೆ ಎತ್ತಿಕೊಂಡು, ಅವರನ್ನು ಬಳಸಿ ಒಳಗೆ ಹೋದಳು. ಮಂಜು ಕೆರೆಯುವ ಸದ್ದು ಶುರುವಾಯಿತು.

ತುರ್ಭೆ ಬಿಟ್ಟ ಮೇಲೆ ನರಗುಂದರು ಠಾಣೆಯ ವಾಗ್ಳೆ ಎಸ್ಟೇಟಿನ ಸಣ್ಣಪುಟ್ಟ ಕಾರ್ಖಾನೆಗಳಿಗೆ ದಿನಗೂಲಿಯ ಲೆಕ್ಕದಲ್ಲಿ ಮೋಟಾರು, ಫಲಕ ನೋಡಿಕೊಡುತ್ತಿದ್ದರು. ಒಂದೂವರೆ ವರ್ಷದ ಮೇಲೆ ಠಾಣೆಯಿಂದ ಬರುವ ಗಾಡಿಯಲ್ಲಿ ಸಿಕ್ಕರು. ತೆಳ್ಳಗಾಗಿದ್ದರು. ಅಪ್ಪನ ಹೋಟೆಲು, ಸೇಠರ ಆರೋಗ್ಯ, ಹೊಸ ಕಂಪ್ರೆಸರು, ಎಲ್ಲ ವಿಚಾರಿಸಿದರು. ಘಣಸೋಲಿ ಹತ್ತಿರ ಬಂದಾಗ, ಇಳಿಯಲು ಎದ್ದು ನಿಂತು, ಕಿಟಕಿಯ ಕಡೆ ನೋಡುತ್ತ ಕೇಳಿದರು:

"ಆಕಿ ನನ್ನ ಸುದ್ದಿ ಏನಾರ ಅಂತಾಳೇನು?"

ಸುಳ್ಳು ಹೇಳುವುದು ಸುಲಭವಿತ್ತು. ನನಗೆ ಬಾಯಿ ಬರಲಿಲ್ಲ. "ಇಲ್ಲ ಸರ್. ಏನೂ ಅನ್ನುವುದಿಲ್ಲ."

"ಅನ್ನಬಾರದು," ಎಂದರು. "ಅನ್ನೋದು ಆಕೀಗೆ ಬಿಟ್ಟಿದ್ದು." ಗಾಡಿ ನಿಂತಿತು. ಇಳಿದವರ ಗುಂಪಿನಲ್ಲಿ ಅವರ ಬೆನ್ನು ಸ್ವಲ್ಪ ಹೊತ್ತು ಕಾಣಿಸಿತು.

ಮರುವರ್ಷ ಮಳೆಗಾಲದ ಕೊನೆಗೆ ಕಮಲಾಬಾಯಿಯ ಫೋನು ಬಂತು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಹೊರಬರಲಿಲ್ಲ, ಹೃದಯ ನಿಂತಿತ್ತು ಎಂದರು. ನಾನು ಓಣಿಗೆ ಹೋಗಿ ಹಮಾಲರಿಗೆ ತಿಳಿಸಿದೆ. ಮಹಾದೇವಿ ಅಲ್ಲೇ ಬೂಟು ಹಾಕಿಕೊಳ್ಳುತ್ತಿದ್ದಳು. ಕೇಳಿಸಿಕೊಂಡು, ಹಾಕಿದ ಬೂಟನ್ನು ಮತ್ತೆ ತೆಗೆದಳು.

"ಡೊಂಬಿವಲಿಗೆ ಹೋಗಬೇಕಂದ್ರ ಠಾಣಾದಾಗ ಬದಲೀ ಮಾಡಬೇಕೇನು?" ಎಂದು ಕೇಳಿದಳು.

ಇಬ್ಬರೂ ಒಟ್ಟಿಗೆ ಹೊರಟೆವು. ಮೂರನೇ ಮಹಡಿಯ ಆ ಸಣ್ಣ ಮನೆಯಲ್ಲಿ ಜನ ತುಂಬಿದ್ದರು. ಕಮಲಾಬಾಯಿ ನನ್ನ ಕೈ ಹಿಡಿದುಕೊಂಡು ಅತ್ತರು. ಆಮೇಲೆ ನನ್ನ ಹಿಂದೆ ಬಾಗಿಲ ಬಳಿ ನಿಂತಿದ್ದ ಹೆಂಗಸನ್ನು ನೋಡಿ, "ಇವರ ಗುರ್ತು ಸಿಗಲಿಲ್ಲಲ್ಲವಾ," ಎಂದರು. ಮಹಾದೇವಿಯ ಹೆಸರು ಆ ಮನೆಯಲ್ಲಿ ಎಷ್ಟು ಸಲ ಬಂದಿರಬಹುದೋ ನಾನರಿಯೆ. ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿರುವಾಗ ಮಹಾದೇವಿಯೇ ಮುಂದೆ ಬಂದು, ಅವರ ಪಕ್ಕ ನೆಲದ ಮೇಲೆ ಕುಳಿತಳು.

"ನಾನೂ ಸಾಹೇಬ್ರೂ ಒಂದ ಕಡೆ ಕೆಲಸಾ ಮಾಡ್ತಿದ್ವಿರಿ, ಅವ್ವಾರ," ಎಂದಳು.